ಓಸ್ಕರ್ ಲೈಬೋಲ್ಟ್ ಹೆಸರಿಗೆ ಬಂದ ಕಾಗದ

ಐಬೆನ್‌ಬಾಖ್‌ನಲ್ಲಿ ಕಣ್ಣು ಮುಚ್ಚಿಕೊಂಡು ಕಲ್ಲೆಸೆದರೆ ಅದು ಒಬ್ಬ ಲೈಬೋಲ್ಟ್‌ಗೆ ತಾಗುತ್ತದೆ. ಗುರಿ ತಪ್ಪಿದರೆ ಪಕ್ಕದಲ್ಲಿ ನಿಂತ ಇನ್ನೊಬ್ಬ ಲೈಬೋಲ್ಟ್‌ಗೆ. ಮುನ್ನೂರೈವತ್ತು ವರ್ಷದ ಹಿಂದೆ ಈ ಥ್ಯೂರಿಂಗಿಯಾ ಕಾಡಿಗೆ ಬಂದು ಮೊದಲ ಗಾಜಿನ ಒಲೆ ಹಚ್ಚಿದವನು ಒಬ್ಬ ಲೈಬೋಲ್ಟ್. ಅವನಿಗೆ ಹನ್ನೊಂದು ಮಕ್ಕಳು. ಆ ಹನ್ನೊಂದರಲ್ಲಿ ಒಂದಕ್ಕೂ ಊರು ಬಿಟ್ಟು ಹೋಗುವ ಬುದ್ಧಿ ಬರಲಿಲ್ಲ, ಅದರ ಫಲವನ್ನು ನಾವು ಇವತ್ತಿಗೂ ಉಣ್ಣುತ್ತಿದ್ದೇವೆ. ಬೋರ್ಡುಗಳನ್ನು ಓದುತ್ತ ಬೀದಿಯಲ್ಲಿ ನಡೆದ ಹೊರಗಿನವನಿಗೆ ತಲೆ ತಿರುಗುತ್ತದೆ. ಲೈಬೋಲ್ಟ್ ಕೃತಕ ಕಣ್ಣುಗಳು, ಲೈಬೋಲ್ಟ್ ಥರ್ಮಾಮೀಟರ್, ಲೈಬೋಲ್ಟ್ ಬಿಯರ್, ಲೈಬೋಲ್ಟ್ ಬೇಕರಿ, ಎಲ್ಲ ಮುಗಿದ ಮೇಲೆ ಲೈಬೋಲ್ಟ್ ಶವಪೆಟ್ಟಿಗೆ.

ಅಡ್ಡಹೆಸರಿಲ್ಲದೆ ಇಲ್ಲಿ ಬಾಳುವೆ ನಡೆಯುವುದಿಲ್ಲ. ಕಣ್ಣಿನ ಲೈಬೋಲ್ಟ್, ಬಿಯರ್ ಲೈಬೋಲ್ಟ್, ಕುಂಟ ಲೈಬೋಲ್ಟ್. ಈ ಕೊನೆಯವರ ಮನೆಯಲ್ಲಿ ಮೂರು ತಲೆಮಾರಿನಿಂದ ಯಾರೂ ಕುಂಟಿಲ್ಲ, ಆದರೂ ಹೆಸರು ಹೋಗಿಲ್ಲ. ಶಾಲೆಯ ಗೋಡೆಯ ಮೇಲೆ ಹೆಸರಾಂತ ಲೈಬೋಲ್ಟ್‌ಗಳ ಚಿತ್ರಗಳು ಸಾಲಾಗಿ ತೂಗುತ್ತಿದ್ದವು. ಒಬ್ಬ ರಾಜಕುಮಾರನಿಗೆ ಗಾಜಿನ ಕಣ್ಣು ಮಾಡಿಕೊಟ್ಟವನು, ಥರ್ಮಾಮೀಟರ್ ಹಿಡಿದುಕೊಂಡು ಪ್ಯಾರಿಸ್‌ವರೆಗೆ ಹೋಗಿ ಪದಕ ತಂದವನು, ಬಿಯರಿನ ಹೊಟ್ಟೆ ಹೊತ್ತವನು. ಮಕ್ಕಳು ಅವರ ಹೆಸರುಗಳನ್ನು ಮಗ್ಗಿಯ ಜೊತೆ ಬಾಯಿಪಾಠ ಮಾಡಬೇಕಿತ್ತು.

ಸೆಲ್ಮಾ ಮದುವೆಯಾಗಿ ಬಂದದ್ದು ಗುಬ್ಬಿ ಲೈಬೋಲ್ಟ್‌ಗಳ ಮನೆಗೆ. ಅವರದೊಂದು ಚಿತ್ರ ಯಾವ ಗೋಡೆಯ ಮೇಲೂ ಇರಲಿಲ್ಲ. ಕ್ರಿಸ್‌ಮಸ್ ಮರಕ್ಕೆ ಸಿಕ್ಕಿಸುವ ಗಾಜಿನ ಹಕ್ಕಿ ಮಾಡಿ ಹೊಟ್ಟೆ ಹೊರೆಯುವ ಜನ. ಗಂಡ ಓಸ್ಕರ್ ಉರಿಯಲ್ಲಿ ಗಾಜಿನ ಕೊಳವೆ ಕಾಯಿಸಿ ಹಕ್ಕಿ ಊದುತ್ತಿದ್ದ. ಅದರೊಳಗೆ ಬೆಳ್ಳಿನೀರು ಹೊಯ್ದು ಕುಲುಕಿ, ಬಣ್ಣ ಹಚ್ಚಿ, ಗಾಜಿನ ಎಳೆಯ ಬಾಲ ಅಂಟಿಸುವುದು ಸೆಲ್ಮಾಳ ಪಾಲಿನ ಕೆಲಸ. ಬೆಳ್ಳಿನೀರು ತಾಗಿ ತಾಗಿ ಅವಳ ಬೆರಳ ತುದಿಗಳು ಕಪ್ಪಾಗಿದ್ದವು. ಮನೆಯಲ್ಲಿ ಇನ್ನಿಬ್ಬರು: ಎಂಟು ವರ್ಷದ ಮಗಳು ರೆನಾಟೆ, ಸೊಂಟ ಮುರಿದುಕೊಂಡು ಕಿಟಕಿ ಪಕ್ಕದ ಕುರ್ಚಿ ಹಿಡಿದ ಅತ್ತೆ ಕುನಿ.

ಊರಿನಲ್ಲಿ ಓಸ್ಕರ್ ಲೈಬೋಲ್ಟ್‌ಗಳೂ ಕಡಿಮೆಯಿರಲಿಲ್ಲ. ದೀಕ್ಷಾಸ್ನಾನದ ದಿನ ಮಗುವನ್ನು ಎತ್ತಿಕೊಂಡು ನಿಂತವರ ಹೆಸರನ್ನೇ ಮಗುವಿಗೆ ಇಡುವುದು ನಮ್ಮ ಪದ್ಧತಿ. ಗುಬ್ಬಿ ಓಸ್ಕರನನ್ನು ಹಾಗೆ ಎತ್ತಿಕೊಂಡು ನಿಂತವರು ಕಣ್ಣಿನ ಓಸ್ಕರ್. ಆಗ ಇಪ್ಪತ್ತು ದಾಟಿದ್ದ ತರುಣ, ಈಗ ಅರವತ್ತಾದ ಹಿರಿಯ. ಬೇಕರಿಯ ಓಸ್ಕರ್ ರಷ್ಯಾದ ಹಿಮದಲ್ಲಿ ಸತ್ತ. ಶವಪೆಟ್ಟಿಗೆಯ ಓಸ್ಕರನಿಗೆ ಎಂಬತ್ತಾರು, ಹೆಂಡತಿ ಮಕ್ಕಳಿಲ್ಲ, ಕಿವಿಯಿಲ್ಲ, ತಾನೇ ಮಾಡಿದ ಪೆಟ್ಟಿಗೆಯ ಪಕ್ಕದಲ್ಲಿ ಹಾಸಿಗೆ ಹಾಕಿಕೊಂಡು ಕಾಯುತ್ತಿದ್ದ. ಲೆಕ್ಕಕ್ಕೆ ಉಳಿದವರು ಇಬ್ಬರೇ.

ಅಂಚೆಯ ವಿಷಯದಲ್ಲಿ ನಮ್ಮೂರಿಗೆ ಒಂದು ಕಟ್ಟಳೆಯಿದೆ, ಹೊರಗಿನವರು ಕೇಳಿದರೆ ನಾಚಿಕೆಗೆಟ್ಟವರು ಅನ್ನುತ್ತಾರೆ. ಕಾಗದ ಯಾರ ಕೈಗೆ ಸಿಕ್ಕಿತೋ ಅವರು ಒಡೆದು ಓದುವುದು. ತಮ್ಮದಲ್ಲದಿದ್ದರೆ ನಡೆದು ಹೋಗಿ ಯಾರದೋ ಅವರಿಗೆ ಕೊಡುವುದು. ಓದದೆ ಯಾರದ್ದೆಂದು ತಿಳಿಯುವುದಾದರೂ ಹೇಗೆ? ಒಮ್ಮೆ ಬಿಯರಿನವರ ಹುಡುಗಿಗೆ ಬಂದ ಪ್ರೇಮಪತ್ರ ಮೂರು ಅಡುಗೆಮನೆ ಸುತ್ತಿ ಅವಳನ್ನು ತಲುಪುವ ಹೊತ್ತಿಗೆ ಮದುವೆಗೆ ಯಾವ ಕೇಕು ಎನ್ನುವುದು ಕೂಡ ತೀರ್ಮಾನವಾಗಿತ್ತು. ಒಡೆದದ್ದಕ್ಕೆ ಯಾರೂ ಬೈಯುವುದಿಲ್ಲ. ತಲುಪಿಸದಿದ್ದರೆ ಮಾತ್ರ ಜನ್ಮಪೂರ್ತಿ ಕ್ಷಮೆಯಿಲ್ಲ.

ಸಾವಿರದ ಒಂಬೈನೂರ ಐವತ್ತೆರಡನೆಯ ಇಸವಿ, ಜೂನ್ ತಿಂಗಳ ಮೊದಲ ವಾರ. ಹತ್ತು ದಿನದ ಹಿಂದೆ ಕಾಡಿನ ಅಂಚಿಗೆ ಟ್ರ್ಯಾಕ್ಟರುಗಳು ಬಂದು ಗಡಿಯುದ್ದಕ್ಕೂ ಹತ್ತು ಮೀಟರ್ ಅಗಲಕ್ಕೆ ನೆಲ ಉತ್ತು ಹಾಕಿದ್ದವು, ಯಾರಾದರೂ ದಾಟಿದರೆ ಹೆಜ್ಜೆ ಮೂಡಲಿ ಎಂದು. ಆಚೆ ಬವೇರಿಯಾ, ಯುದ್ಧ ಮುಗಿದ ಮೇಲೆ ಇಬ್ಭಾಗವಾದ ದೇಶದ ಇನ್ನೊಂದು ಪಾಲು. ಈಚೆಯವರಿಗೆಲ್ಲ ಗುರುತಿನ ಚೀಟಿಯಲ್ಲಿ ಹೊಸ ಮುದ್ರೆ. ಮುದ್ರೆಯ ಹಿಂದೆಯೇ ಪಟ್ಟಿಯ ಸುದ್ದಿ ಬಂತು. ಗಡಿ ಪಕ್ಕ ಇರಲು ಯೋಗ್ಯರಲ್ಲದವರ ಪಟ್ಟಿಯೊಂದು ತಯಾರಾಗುತ್ತಿದೆಯಂತೆ, ಅವರನ್ನು ಕುಟುಂಬ ಸಮೇತ ಎತ್ತಿಕೊಂಡು ಹೋಗುತ್ತಾರಂತೆ. ಎಲ್ಲಿಗೆ? ಯಾರಿಗೂ ಗೊತ್ತಿಲ್ಲ. ಸೈಬೀರಿಯಾ ಎಂದವರೂ ಇದ್ದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ ಅನ್ನುತ್ತಾರಲ್ಲ, ಆ ವಾರ ಊರಿಗೆ ಊರೇ ಹೆಗಲು ಮುಟ್ಟಿಕೊಳ್ಳುತ್ತಿತ್ತು.

ಸೆಲ್ಮಾಳಿಗೂ ಮುಟ್ಟಿಕೊಳ್ಳಲು ಒಂದು ಕಾರಣವಿತ್ತು. ಅವಳ ಓಸ್ಕರನ ನಾಲಿಗೆಗೆ ಎಲುಬಿಲ್ಲ. ಮನೆಯಲ್ಲಿ ಬಾಯಿ ಬಿಡದವನು ಬಿಯರಿನ ಲೋಟದ ಮುಂದೆ ಹರಿಕಥೆ ಮಾಡುವವನು. ಕಳೆದ ಶನಿವಾರ ಹೋಟೆಲಿನಲ್ಲಿ ಕೂತು, "ಇಷ್ಟಗಲ ಉತ್ತವ್ರೆ, ಆಲೂಗಡ್ಡೆನಾದ್ರೂ ಬಿತ್ತಿದ್ರೆ ಇಡೀ ಸರ್ಕಾರಕ್ಕೆ ಹೊಟ್ಟೆ ತುಂಬಾ ಉಂಡೆ ಆಗೋದು" ಎಂದಿದ್ದ. ಎಲ್ಲರೂ ನಕ್ಕರಂತೆ. ಎಲ್ಲರೂ ಎಂದರೆ ಎಲ್ಲರೂನಾ ಎಂದು ಸೆಲ್ಮಾ ಕೇಳಿದ್ದಳು. ಅವನಿಗೆ ನೆನಪಿರಲಿಲ್ಲ.

ಬುಧವಾರ ಬೆಳಿಗ್ಗೆ ಅಂಚೆಯ ಮುದುಕ ಅಲ್ವಿನ್ ಏರು ಹತ್ತಿ ಏದುಸಿರು ಬಿಡುತ್ತ ಬಂದ.

"ತಗೊ ಸೆಲ್ಮಾ. ಓಸ್ಕರ್ ಲೈಬೋಲ್ಟ್, ಐಬೆನ್‌ಬಾಖ್, ಅಷ್ಟೇ ಬರ್ದವ್ನೆ ಪುಣ್ಯಾತ್ಮ. ಪ್ಯಾಟೆಯೋರಿಗೆ ಬುದ್ಧಿ ಯಾವಾಗ ಬರುತ್ತೋ. ನಿಮ್ದಲ್ದೆ ಇದ್ರೆ ಕಣ್ಣಿನೋರ ಮನೆಗೆ ಕೊಟ್ಬಿಡು. ಇನ್ನೊಂದು ಸಲ ಹತ್ತಿ ಇಳಿಯೋಕೆ ನನ್ನ ಮಂಡಿ ಒಪ್ಪಲ್ಲ."

"ಒಳಗೆ ಬಾ, ಬಾರ್ಲಿ ಕಾಫಿ ಇದೆ."

"ಬೇಡ ಕಣಮ್ಮ. ಈಗೀಗ ಯಾರ ಮನೇಲಿ ಎಷ್ಟೊತ್ತು ಕೂತೆ ಅನ್ನೋದನ್ನೂ ಬರ್ಕೋತಾರಂತೆ" ಎಂದು ಅವನು ತಿರುಗಿ ನಡೆದ.

ಕಳಿಸಿದವರ ಹೆಸರಿರಲಿಲ್ಲ. ಜಿಲ್ಲಾ ಪಟ್ಟಣದ ಅಂಚೆ ಮುದ್ರೆ ಮಾತ್ರ ಇತ್ತು. ಓಸ್ಕರ್ ಕೆಳಗಿನ ಕಾರ್ಖಾನೆಯಿಂದ ಗಾಜಿನ ಕೊಳವೆ ತರಲು ಹೋಗಿದ್ದ, ಮಧ್ಯಾಹ್ನದವರೆಗೆ ಬರುವವನಲ್ಲ. ಸೆಲ್ಮಾ ಕೈ ಒರೆಸಿಕೊಂಡು, ಎಂದಿನಂತೆ ಲಕೋಟೆ ಒಡೆದಳು. ಗೀಟು ಹಾಕಿದ ಹಾಳೆ, ಎಡಕ್ಕೆ ವಾಲಿದ ಅಕ್ಷರ, ಐದೇ ಸಾಲು.

"ನಿಮ್ಮ ಹೆಸರು ಪಟ್ಟಿಯಲ್ಲಿದೆ. ಗುರುವಾರ ಬೆಳಿಗ್ಗೆ ಲಾರಿ ಬರುತ್ತದೆ. ಕುಟುಂಬ ಪೂರ್ತಿ. ಎಲ್ಲಿಗೆಂದು ನನಗೂ ಗೊತ್ತಿಲ್ಲ. ಮಾಡುವುದೇನಿದ್ದರೂ ಇವತ್ತೇ ಮಾಡಿ, ಇದನ್ನು ಸುಟ್ಟುಬಿಡಿ."

ಸೆಲ್ಮಾ ಬೆಂಚಿನ ಮೇಲೆ ಕೂತಳು. ಬಿಸಿನೀರಿನ ಬೋಗುಣಿಯಲ್ಲಿ ಕುಲುಕದೆ ಬಿಟ್ಟ ಹಕ್ಕಿಗಳೊಳಗೆ ಬೆಳ್ಳಿ ಒಂದೇ ಪಕ್ಕಕ್ಕೆ ಕಟ್ಟಿಕೊಂಡು ಕಲೆಕಲೆಯಾಗುತ್ತಿತ್ತು. ಅದನ್ನು ನೋಡುತ್ತ ಕೂತಳೇ ಹೊರತು ಕೈ ಚಾಚಲಿಲ್ಲ.

"ಯಾರ ಕಾಗದನೇ ಅದು?" ಕಿಟಕಿಯ ಪಕ್ಕದಿಂದ ಅತ್ತೆ ಕೇಳಿದಳು.

"ಕಣ್ಣಿನೋರದ್ದು, ಅತ್ತೆ."

ಯೋಚಿಸಿ ಆಡಿದ ಮಾತಲ್ಲ ಅದು. ನಾಲಿಗೆ ಮೊದಲು ಹೇಳಿತು, ಮನಸ್ಸು ಅದರ ಹಿಂದೆ ನಡೆಯಿತು. ಆಡಿದ ಮೇಲೆ ಅದೇ ಸರಿಯೆಂದು ತೋರತೊಡಗಿತು. ಹೌದಲ್ಲ, ಪಟ್ಟಿ ಬರೆಯುವವರು ಯಾರನ್ನು ಬರೆಯುತ್ತಾರೆ? ದೊಡ್ಡವರನ್ನು. ಗೋಡೆಯ ಮೇಲೆ ಚಿತ್ರ ಇರುವವರನ್ನು. ಕಣ್ಣಿನ ಓಸ್ಕರನ ತಮ್ಮ ಮೂರು ವರ್ಷದ ಹಿಂದೆ ಗಡಿ ದಾಟಿ ಕೋಬುರ್ಗ್‌ನಲ್ಲಿ ಅದೇ ಹೆಸರಿನ ಬೋರ್ಡು ಹಾಕಿಕೊಂಡು ಕೂತಿದ್ದಾನೆ. ಆಚೆಯ ಡಾಕ್ಟರುಗಳಿಂದ ಅವರಿಗೆ ಕಾಗದ ಬರುತ್ತದೆ. ಹಕ್ಕಿ ಊದುವ ಬಡಪಾಯಿಯ ಹೆಸರನ್ನು ಪಟ್ಟಿಗೆ ಹಾಕಲು ಯಾರಿಗೆ ಬಿಡುವಿದೆ? ಕುಟುಂಬ ಪೂರ್ತಿ ಅಂದಿದ್ದಾರೆ, ಅವರಿಗೂ ಕುಟುಂಬವಿದೆ.

ಆಲೂಗಡ್ಡೆಯ ಮಾತು ಒಳಗಿನಿಂದ ಮೇಲೆ ಬರುತ್ತಲೇ ಇತ್ತು. ಅವಳು ಅದನ್ನು ಒಳಕ್ಕೆ ದಬ್ಬುತ್ತಲೇ ಇದ್ದಳು.

ಓಸ್ಕರ್ ಬರಲಿ, ತೋರಿಸೋಣ ಎಂದುಕೊಂಡಳು. ಮರುಗಳಿಗೆ ಅದೂ ಭಯವಾಯಿತು. ಅವನಿಗೆ ತೋರಿಸಿದರೆ ಒಂದು ಮಾತಿಗೂ ನಿಲ್ಲದೆ ಮಗುವನ್ನು ಹೆಗಲಿಗೆ ಹಾಕಿಕೊಂಡು ಕಾಡಿಗೆ ಇಳಿಯುತ್ತಾನೆ. ಕಾಡಿನಲ್ಲಿ ಬಂದೂಕು ಹಿಡಿದವರಿದ್ದಾರೆ. ಎರಡು ಹೆಜ್ಜೆ ಇಡಲಾಗದ ಅತ್ತೆಯನ್ನು ಯಾರಿಗೆ ಬಿಡುವುದು? ಈ ಬೆಂಚು, ಈ ದೀಪ, ಮುನ್ನೂರು ವರ್ಷ ಕುಲುಮೆಯ ಮಸಿ ಹಿಡಿದ ಈ ತೊಲೆಗಳು? ತಮ್ಮದಲ್ಲದ ಕಾಗದಕ್ಕೆ ಹೆದರಿ ಮನೆ ಬಿಟ್ಟು ಓಡಿದರೆ ಅದಕ್ಕಿಂತ ಮೂರ್ಖತನ ಇದೆಯೇ? ಹೀಗೆ ತನ್ನ ಮುಂದೆ ತಾನೇ ವಕೀಲಿ ಮಾಡಿಕೊಂಡು, ತಾನೇ ತೀರ್ಪು ಕೊಟ್ಟುಕೊಂಡು, ಕಾಗದವನ್ನು ರವಿಕೆಯೊಳಗೆ ಸೇರಿಸಿ ಬಾಗಿಲು ಹಾಕಿಕೊಂಡಳು. ಭಯ ಎನ್ನುವುದು ದೊಡ್ಡ ವಕೀಲ, ಅದರ ಎದುರು ಗೆದ್ದವರನ್ನು ನಾನು ಕಂಡಿಲ್ಲ.

ಇಳಿಜಾರಿನ ಅರ್ಧದಲ್ಲಿ ಇಬ್ಬರು ಪೊಲೀಸರು ಸೈಕಲ್ ತಳ್ಳಿಕೊಂಡು ಎದುರಾದರು. ಈ ಕಡೆಯವರಲ್ಲ, ಮಾತಿನ ಧಾಟಿಯೇ ಬೇರೆ. ಎಳೆಯವನು ಕೈ ಅಡ್ಡ ಹಿಡಿದ.

"ಚೀಟಿ ತೋರಿಸಿ. ಹೆಸರು?"

"ಲೈಬೋಲ್ಟ್."

"ಇನ್ನೊಬ್ರು" ಎಂದು ಅವನು ಜೊತೆಯವನ ಕಡೆ ನೋಡಿ ನಕ್ಕ. "ಈ ಊರಲ್ಲಿ ನಾಯಿಗೂ ಅದೇ ಹೆಸರಿರಬೇಕು. ಯಾವ ಲೈಬೋಲ್ಟಮ್ಮ ನೀವು?"

ರವಿಕೆಯೊಳಗೆ ಕಾಗದ ಬೆವರಿಗೆ ಅಂಟಿತ್ತು. ಉಸಿರಾಡಿದರೆ ಸದ್ದಾಗುವುದೇನೋ ಎಂದು ಅವಳು ಉಸಿರು ಬಿಗಿಹಿಡಿದಿದ್ದಳು.

"ಸೆಲ್ಮಾ. ಓಸ್ಕರ್ ಲೈಬೋಲ್ಟ್ ಹೆಂಡ್ತಿ."

"ಓ, ಗುಬ್ಬಿ" ಎಂದ ಹಿರಿಯವನು.

ಅಷ್ಟೇ. ಚೀಟಿ ವಾಪಸು ಕೊಟ್ಟು, ಹೋಗಿ ಎಂದು ಕೈ ಬೀಸಿದ. ಸೆಲ್ಮಾ ಹತ್ತು ಹೆಜ್ಜೆ ನಡೆದಳು. ಹನ್ನೊಂದನೆಯದು ಅರ್ಧಕ್ಕೇ ನಿಂತಿತು. ನಿನ್ನೆ ಮೊನ್ನೆ ಬಂದ ಈ ಪರಸ್ಥಳದವನಿಗೆ ಗುಬ್ಬಿ ಎನ್ನುವುದು ಹೇಗೆ ಗೊತ್ತು? ಯಾವ ದಾಖಲೆಯಲ್ಲೂ ಇಲ್ಲದ ಹೆಸರು ಅದು. ತಿರುಗಿ ಮನೆಗೆ ಹೋಗಬೇಕು ಎಂದು ಒಂದು ಮನಸ್ಸು ಹೇಳಿತು. ಆದರೆ ಹಿಂದೆ ಪೊಲೀಸರು ನಿಂತಿದ್ದರು, ತಿರುಗಿದರೆ ಯಾಕೆ ತಿರುಗಿದೆ ಎಂದು ಕೇಳುತ್ತಾರೆ. ಕಾಲುಗಳು ಮುಂದಕ್ಕೇ ನಡೆದವು.

ಕಣ್ಣಿನವರ ಮನೆಯ ಕೆಳಗಿನ ಕೋಣೆಯೇ ಕೆಲಸದ ಜಾಗ. ಯುದ್ಧದಲ್ಲಿ ಕಣ್ಣು ಕಳೆದುಕೊಂಡ ಗಂಡಸೊಬ್ಬ ಬೆಂಚಿನ ಮೇಲೆ ಕೂತಿದ್ದ. ಕಣ್ಣಿನ ಓಸ್ಕರ್ ಅವನ ಉಳಿದ ಕಣ್ಣನ್ನು ದಿಟ್ಟಿಸುತ್ತ, ಉರಿಯಲ್ಲಿ ಬೂದು ಬಣ್ಣದ ಗಾಜಿನ ಕಡ್ಡಿಯ ತುದಿ ಕರಗಿಸುತ್ತಿದ್ದರು. ಕೆಲಸದ ಮಧ್ಯೆ ಅವರನ್ನು ಯಾರೂ ಮಾತನಾಡಿಸುವಂತಿಲ್ಲ. ಸೆಲ್ಮಾ ಅಡುಗೆಮನೆಗೆ ಹೋಗಿ ಹೆಂಡತಿ ಥೆಕ್ಲಾಳ ಕೈಗೆ ಕಾಗದ ಕೊಟ್ಟಳು.

"ಅಲ್ವಿನ್ ನಮ್ಮನೇಲಿ ಕೊಟ್ಟು ಹೋದ, ದೊಡ್ಡಮ್ಮ. ನಿಮ್ದು."

ಥೆಕ್ಲಾ ಕಿಟಕಿಗೆ ಹಿಡಿದು ಓದಿದಳು. ಇನ್ನೊಂದು ಸಲ ಓದಿದಳು. ಆಮೇಲೆ ಒಲೆಯ ಮೇಲಿದ್ದ ಆಲೂಗಡ್ಡೆಯ ಪಾತ್ರೆಯನ್ನು ಇಳಿಸಿ ಪಕ್ಕಕ್ಕಿಟ್ಟಳು, ಬೇರೇನೂ ಮಾಡಲು ತೋಚದವಳ ಹಾಗೆ. ಮಗಳು ಇಂಗೆಬೋರ್ಗ್ ಬಂದು ಓದಿ ಗೋಡೆಗೆ ಒರಗಿ ನಿಂತಳು. ಗಂಡ ಯುದ್ಧದಿಂದ ಬರಲಿಲ್ಲವೆಂದು ತವರಿಗೆ ಮರಳಿದ್ದವಳು ಅವಳು. ಗಿರಾಕಿಯನ್ನು ಕಳಿಸಿ ಓಸ್ಕರ್ ಒಳಗೆ ಬಂದಾಗ ಥೆಕ್ಲಾ ಕಾಗದವನ್ನು ಅವರ ಕೈಗೆ ಕೊಟ್ಟಳು.

ಅವರು ನಿಧಾನವಾಗಿ ಓದಿದರು. ಕಣ್ಣಿನ ಕೆಲಸದವರು ಯಾವುದನ್ನೂ ಅವಸರದಲ್ಲಿ ನೋಡುವುದಿಲ್ಲ.

"ನನ್ನ ಯಾಕೆ ಕರ್ಕೊಂಡು ಹೋಗ್ತಾರೆ?" ಎಂದರು. "ಬರ್ಲಿನ್ನಿಂದ ಎಂಟುನೂರು ಕಣ್ಣಿಗೆ ಆರ್ಡರ್ ಬಂದಿದೆ. ಹೋದ ತಿಂಗಳು ಒಬ್ಬ ಅಧಿಕಾರಿ ಇದೇ ಕುರ್ಚಿ ಮೇಲೆ ಕೂತು, ನೀವು ದೇಶದ ಆಸ್ತಿ ಅಂದು ಹೋದ."

"ಆಸ್ತಿ ಅಂದೋರೇ ನಾಳೆ ಜಪ್ತಿ ಮಾಡ್ತಾರೆ" ಎಂದಳು ಥೆಕ್ಲಾ. "ನಿಮ್ಮ ತಮ್ಮ ಆಚೆ ಇದಾನೆ. ಅಷ್ಟು ಸಾಲ್ದೆ ಅವ್ರಿಗೆ?"

ಓಸ್ಕರ್ ಕಾಗದದಿಂದ ತಲೆ ಎತ್ತಿ ಸೆಲ್ಮಾಳನ್ನು ನೋಡಿದರು. ಬೇರೆಯವರ ಕಣ್ಣು ನೋಡುವುದನ್ನೇ ಕಸುಬು ಮಾಡಿಕೊಂಡ ಮನುಷ್ಯ. ಸೆಲ್ಮಾ ಒಲೆಯ ಕಡೆ ತಿರುಗಿದಳು.

"ಸೆಲ್ಮಾ, ಇದು ನಿಮ್ದಲ್ಲ ಅಂತ ಖಚಿತಾನಾ? ನಿನ್ನ ಗಂಡನ ಹೆಸರೂ ಇದೇ. ನಾನೇ ಇಟ್ಟಿದ್ದು."

ಅವಳಿಗೆ ಆಗ ಹೇಳುವ ಅವಕಾಶವಿತ್ತು. ಗೊತ್ತಿಲ್ಲ ದೊಡ್ಡಪ್ಪ, ನನಗೂ ಗೊತ್ತಿಲ್ಲ, ಅವರು ಹೋಟೆಲಲ್ಲಿ ಹೀಗಂದಿದ್ದಾರೆ, ದಾರೀಲಿ ಪೊಲೀಸಿನವನು ಹೀಗಂದ, ನನಗೆ ಭಯವಾಗ್ತಿದೆ. ಇಷ್ಟೇ. ಇಷ್ಟು ಹೇಳಿದ್ದರೆ ಆ ಹಿರಿಯ ಕೂತು ಯೋಚಿಸುತ್ತಿದ್ದರು, ಎರಡು ಮನೆಯವರೂ ಸೇರಿ ಏನಾದರೂ ದಾರಿ ಕಾಣುತ್ತಿದ್ದರು. ಆದರೆ ಹಾಗೆ ಹೇಳಿದರೆ ಕಾಗದ ಅರ್ಧ ತನ್ನದಾಗುತ್ತದೆ. ಅರ್ಧವೂ ಅವಳಿಗೆ ಬೇಡವಾಗಿತ್ತು.

"ಖಚಿತ, ದೊಡ್ಡಪ್ಪ. ನಮ್ದಾಗಿದ್ರೆ ಇಲ್ಲಿಗ್ಯಾಕೆ ತರ್ತಿದ್ದೆ? ನಮ್ಮಂಥೋರ ಹೆಸರು ಯಾವ ಪಟ್ಟಿಗೂ ಬರಲ್ಲ."

ಥೆಕ್ಲಾ ಬಂದು ಅವಳ ಕಪ್ಪು ಬೆರಳುಗಳನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಬೇರೆ ಯಾರಾದ್ರೂ ಆಗಿದ್ರೆ ಸುಟ್ಹಾಕಿ ಸುಮ್ನಾಗ್ತಿದ್ರು ಕಣೇ. ತಂದುಕೊಟ್ಟೆಯಲ್ಲ. ನಿನ್ನ ಋಣ ಯಾವತ್ತು ತೀರಿಸ್ತೀವೋ" ಎಂದಳು. ಸೆಲ್ಮಾಳಿಗೆ ಕೈ ಬಿಡಿಸಿಕೊಂಡರೆ ಸಾಕಾಗಿತ್ತು.

ಮಧ್ಯಾಹ್ನ ಎರಡೂವರೆಗೆ ಕಣ್ಣಿನವರ ಮನೆಯಿಂದ ಮೂವರು ಕೈಗಾಡಿ ತಳ್ಳಿಕೊಂಡು ಕಾಡಂಚಿನ ಹುಲ್ಲುಗಾವಲಿನ ಕಡೆ ಹೊರಟರು. ಜೂನ್ ಎಂದರೆ ಹುಲ್ಲು ಕೊಯ್ಯುವ ಕಾಲ, ನೋಡಿದವರಿಗೆ ಅನುಮಾನ ಬರುವಂಥದ್ದೇನಿಲ್ಲ. ಗಾಡಿಯಲ್ಲಿ ಕುಡುಗೋಲು, ಗೋರುವ ಹಲುಬೆ. ಆದರೆ ಸೆಲ್ಮಾ ಕಿಟಕಿಯಿಂದ ನೋಡುತ್ತಿದ್ದಳು: ಅಷ್ಟು ಸೆಕೆಯಲ್ಲಿ ಥೆಕ್ಲಾ ಒಂದರ ಮೇಲೊಂದು ಎರಡು ಕೋಟು ತೊಟ್ಟಿದ್ದಳು. ಅವಳಿಗೆ ಕಂಡದ್ದು ಊರಿಗೆಲ್ಲ ಕಾಣುತ್ತದೆ. ಕೂಗಿ ಹೇಳಬೇಕೆನಿಸಿತು, ಒಂದು ಕೋಟು ಬಿಚ್ಚಿ ಎಂದು. ಗಾಡಿ ಹುಲ್ಲುಗಾವಲು ದಾಟಿ ಮರಗಳ ನೆರಳಿಗೆ ಹೋಯಿತು.

ಇತ್ತ ಗಂಡ ಓಸ್ಕರ್ ಕೊಳವೆಗಳ ಕಟ್ಟು ಹೊತ್ತು ತಂದು, ಕೆಟ್ಟುಹೋದ ಹಕ್ಕಿಗಳನ್ನು ಕಂಡು, "ಏನಾಯ್ತೇ ಇವಕ್ಕೆ? ಹನ್ನೆರಡೂ ಸಿಡುಬು ಬಂದಂಗವೆ" ಎಂದು ರೇಗಿಸಿದ. ಅವಳು ನೀರು ಹೆಚ್ಚು ಕಾದಿತ್ತು ಎಂದಳು. ಇಡೀ ಮಧ್ಯಾಹ್ನ ಅವನು ಊದುತ್ತ ಹೋದ, ಅವಳು ಕುಲುಕುತ್ತ ಹೋದಳು. ದೂರದಲ್ಲಿ ಯಾವ ಎಂಜಿನ್ ಸದ್ದಾದರೂ ಅವಳ ಕೈ ನಿಲ್ಲುತ್ತಿತ್ತು. ಗುರುವಾರ ಎಂದು ಬರೆದಿದ್ದಾರೆ, ಇವತ್ತು ಬುಧವಾರ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ನಾಳೆ ಲಾರಿ ಬಂದು, ಕಣ್ಣಿನವರ ಮನೆಗೆ ಬೀಗ ಕಂಡು, ಬೈದುಕೊಂಡು ಹೋಗುತ್ತದೆ. ಅಲ್ಲಿಗೆ ಮುಗಿಯಿತು. ದೊಡ್ಡಪ್ಪನವರೂ ಉಳಿದಂತಾಯಿತು, ನಾವೂ.

ಸಂಜೆ ಇನ್ನೂ ಬೆಳಕಿತ್ತು. ಊಟಕ್ಕೆ ಕೂತಿದ್ದರು. ಕಾಡಿನ ಕಡೆಯಿಂದ ಒಂದು ಗುಂಡಿನ ಸದ್ದು ಬಂತು. ಒಂದೇ ಒಂದು.

ರೆನಾಟೆ ಅಪ್ಪನ ಮುಖ ನೋಡಿದಳು.

"ಜಿಂಕೆ ಹೊಡ್ದಿರ್ಬೇಕು" ಎಂದ ಓಸ್ಕರ್, ಬ್ರೆಡ್ಡು ಮುರಿಯುತ್ತ. "ಗಡಿ ಕಾಯೋಕೆ ಬಂದೋರಿಗೂ ಮಾಂಸ ಬೇಕಲ್ಲ. ಉಣ್ಣು ಮಗಳೆ."

ಆ ಗುಂಡು ಮನುಷ್ಯರಿಗೆ ತಾಗಿರಲಿಲ್ಲ, ಮೂವರೂ ದಾಟಿ ಕೋಬುರ್ಗ್ ಸೇರಿದರು ಎಂಬುದು ನಮಗೆ ಗೊತ್ತಾದದ್ದು ಆಗಸ್ಟಿನಲ್ಲಿ. ಸೆಲ್ಮಾಳಿಗೆ ಆ ಸಂಜೆ ಅದು ಗೊತ್ತಿರಲಿಲ್ಲ. ಎರಡು ಕೋಟು ತೊಟ್ಟ ಹೆಂಗಸು ಉತ್ತ ಮಣ್ಣಿನ ಮೇಲೆ ಮುಖ ಅಡಿಯಾಗಿ ಬಿದ್ದಿರುವುದೇ ಅವಳ ಕಣ್ಣ ಮುಂದೆ ಬರುತ್ತಿತ್ತು. ಗಂಡನಿಗೆ ಹೇಳಿಬಿಡಬೇಕೆಂದು ಎರಡು ಸಲ ಬಾಯಿ ತೆರೆದಳು. ಎರಡು ಸಲವೂ ಉಪ್ಪು ಬೇಕಾ ಎಂದು ಕೇಳಿದಳು.

ಬೆಳಿಗ್ಗೆ ಆರೂವರೆಗೆ ಲಾರಿಗಳು ಊರು ಹೊಕ್ಕವು. ಮೂರು. ಸೆಲ್ಮಾ ಒಲೆ ಹಚ್ಚುತ್ತಿದ್ದವಳು ಉರಿಯುವ ಪುಳ್ಳೆ ಕೈಯಲ್ಲಿ ಹಿಡಿದೇ ಕಿಟಕಿಗೆ ಬಂದಳು. ಒಂದು ಬಿಯರಿನವರ ಅಂಗಳಕ್ಕೆ ತಿರುಗಿತು. ಇನ್ನೊಂದು ಚರ್ಚಿನ ಹತ್ತಿರ ನಿಂತಿತು. ಮೂರನೆಯದು ಮುಂದೆ ಬಂತು, ಕಣ್ಣಿನವರ ಮನೆಯ ಹತ್ತಿರ ನಿಧಾನವಾಯಿತು. ನಿಲ್ಲು, ಎಂದಳು ಸೆಲ್ಮಾ ಬಾಯಿಬಿಟ್ಟೇ. ಅಲ್ಲೇ ನಿಲ್ಲು.

ಲಾರಿ ತಿರುವಿಗಾಗಿ ನಿಧಾನವಾಗಿತ್ತು, ಅಷ್ಟೇ. ಗೇರು ಬದಲಿಸಿ ಏರು ಹತ್ತತೊಡಗಿತು. ಆ ಏರಿನಲ್ಲಿ ಇರುವುದು ನಾಲ್ಕೇ ಮನೆ. ಒಂದು ಹಿಂದಾಯಿತು, ಎರಡು ಹಿಂದಾಯಿತು. ಮೂರನೆಯ ಮನೆಯ ಪರದೆ ಸರಿದು ಮತ್ತೆ ಮುಚ್ಚಿಕೊಂಡಿತು. ಪುಳ್ಳೆ ಉರಿದು ಬೆರಳು ಸುಟ್ಟಾಗ ಸೆಲ್ಮಾ ಅದನ್ನು ಕೆಳಗೆ ಹಾಕಿದಳು. ಎಂಜಿನ್ನು ಅವಳ ಬಾಗಿಲ ಮುಂದೆ ಬಂದು ಆರಿತು.

ನಾಲ್ವರು ಇಳಿದರು. ನಿನ್ನೆಯ ಹಿರಿಯ ಪೊಲೀಸಿನವನೂ ಇದ್ದ. ಕೋಟು ತೊಟ್ಟ ಅಧಿಕಾರಿಯೊಬ್ಬ ಅಡುಗೆಮನೆಯಲ್ಲೇ ನಿಂತು ಹಾಳೆ ಬಿಡಿಸಿ ಓದಿದ.

"ಲೈಬೋಲ್ಟ್, ಓಸ್ಕರ್, ಗುಬ್ಬಿ ಅಂತ ಕರೆಯಲ್ಪಡುವವನು. ಹೆಂಡತಿ ಸೆಲ್ಮಾ, ಮಗಳು ರೆನಾಟೆ, ತಾಯಿ ಕುನಿಗುಂಡೆ. ಸರ್ಕಾರದ ವಿರುದ್ಧ ಅಪಪ್ರಚಾರ. ಎರಡು ಗಂಟೆ ಟೈಮಿದೆ. ಹಾ, ಮಂಚ ಕುರ್ಚಿ ಲಾರಿಯಲ್ಲಿ ಎಷ್ಟು ಹಿಡಿಯುತ್ತೋ ಅಷ್ಟು."

ಪಟ್ಟಿಯಲ್ಲಿ ಗೊಂದಲವೇ ಇರಲಿಲ್ಲ. ಅಡ್ಡಹೆಸರು ಸಮೇತ ಬರೆಸಿದವರು ಊರಿನವರೇ. ಬರೆಸಿದವರು ಯಾರೆಂದು ಆಮೇಲೆ ಊರಿಗೆಲ್ಲ ಗೊತ್ತಾಯಿತು. ಅವನೂ ಲೈಬೋಲ್ಟೇ, ಅವನ ಅಡ್ಡಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ, ಮಕ್ಕಳಿದ್ದಾರೆ.

"ತಪ್ಪಾಗಿದೆ" ಎಂದಳು ಸೆಲ್ಮಾ. ಅವಳ ಧ್ವನಿ ಅವಳಿಗೇ ಗುರುತು ಸಿಗಲಿಲ್ಲ. "ನಮ್ಮನ್ನಲ್ಲ ಸ್ವಾಮಿ. ನೀವು ಹುಡುಕ್ತಿರೋದು ಕಣ್ಣಿನೋರನ್ನ. ಕೆಳಗಿನ ಮನೆ. ಅವ್ರ ತಮ್ಮ ಆಚೆ ಇದಾನೆ. ಅವ್ರ ಹೆಸರೂ ಓಸ್ಕರ್."

ಓಸ್ಕರ್ ಬೆಚ್ಚಿ ಹೆಂಡತಿಯ ಕಡೆ ತಿರುಗಿದ. ಕುರ್ಚಿಯಲ್ಲಿದ್ದ ಅತ್ತೆ "ಸೆಲ್ಮಾ" ಎಂದಳು, ಮೆಲ್ಲಗೆ.

ಅಧಿಕಾರಿಗೆ ಸಿಟ್ಟು ಬರಲಿಲ್ಲ. ಇಂಥ ಮಾತನ್ನು ಆ ಬೆಳಿಗ್ಗೆ ಅವನು ಬೇರೆ ಮನೆಗಳಲ್ಲೂ ಕೇಳಿರಬೇಕು. "ಆ ಮನೇನ ಮುಟ್ಟೋ ಹಾಗಿಲ್ಲಮ್ಮ" ಎಂದ. "ಅವರು ನಮಗೆ ಬೇಕಾದವರು. ಬರ್ಲಿನ್ನಿಂದ ಆದೇಶ ಇದೆ. ಹೊರಡೋ ತಯಾರಿ ಮಾಡಿ."

ಎರಡು ಗಂಟೆಯಲ್ಲಿ ಒಂದು ಮನೆಯನ್ನು ಹೇಗೆ ಕಟ್ಟುವುದು? ಹಾಸಿಗೆ, ಪಾತ್ರೆ, ಆಲೂಗಡ್ಡೆಯ ಚೀಲ, ಓಸ್ಕರನ ಊದುವ ದೀಪ. ಬಾಲ ಅಂಟಿಸದ ಹಕ್ಕಿಗಳು ಮೇಜಿನ ಮೇಲೇ ಉಳಿದವು. ಅತ್ತೆಯನ್ನು ಕುರ್ಚಿಯ ಸಮೇತ ನಾಲ್ಕು ಜನ ಎತ್ತಿ ಲಾರಿಗೆ ಏರಿಸಿದರು. ಅವಳು ಯಾರ ಕಡೆಗೂ ನೋಡಲಿಲ್ಲ. ನೆರೆಯವರು ಒಬ್ಬರೂ ಹೊರಗೆ ಬರಲಿಲ್ಲ. ನಾವೂ ಬರಲಿಲ್ಲ. ಬಂದರೆ ಲಾರಿಯಲ್ಲಿ ಇನ್ನೂ ಜಾಗವಿತ್ತು.

ಲಾರಿ ಊರು ಬಿಟ್ಟು ರೈಲು ನಿಲ್ದಾಣದ ದಾರಿ ಹಿಡಿಯಿತು. ಟಾರ್ಪಾಲಿನ ಕೆಳಗೆ ಹಾಸಿಗೆ ಗಂಟುಗಳ ಮಧ್ಯೆ ರೆನಾಟೆ ಅತ್ತು ಸುಸ್ತಾಗಿ ಅಮ್ಮನ ಮಡಿಲಲ್ಲಿ ನಿದ್ದೆಹೋಗಿದ್ದಳು. ಹಿಂದುಗಡೆ ಬಂದೂಕಿನವನು ಹೊರಗೆ ಕಾಲು ಇಳಿಬಿಟ್ಟು ಕೂತಿದ್ದ. ಊರು ಮರೆಯಾದ ಮೇಲೆ ಓಸ್ಕರ್ ಮಾತಾಡಿದಾಗ ಅವನ ಧ್ವನಿಯಲ್ಲಿ ಸಿಟ್ಟಿಗಿಂತ ನೋವೇ ಹೆಚ್ಚಿತ್ತು.

"ಲೋಥರ್ ನೆನಪಿದಾನಾ? ಸೆರೆ ಶಿಬಿರದಲ್ಲಿ ನನ್ನ ಪಕ್ಕದ ಹಲಗೆ ಮೇಲೆ ಮಲಗ್ತಿದ್ನಲ್ಲ. ಜ್ವರ ಬಂದಾಗ ನನ್ನ ಪಾಲಿನ ಸೂಪು ಅವನಿಗೆ ಕುಡಿಸಿ ಬದುಕಿಸ್ದೆ. ಏಪ್ರಿಲ್‌ನಿಂದ ಅವನು ಜಿಲ್ಲಾ ಕಚೇರೀಲಿ ಗುಮಾಸ್ತ. ನಿಂಗೆ ಹೇಳಿಲ್ಲ ಅನ್ಸುತ್ತೆ."

"ಹೇಳಿಲ್ಲ" ಎಂದಳು ಸೆಲ್ಮಾ.

"ಈ ಪಟ್ಟಿ ಅವನ ಕಣ್ಣಿಗೆ ಬೀಳ್ದೆ ಇರುತ್ತಾ? ಒಂದು ಮಾತು ತಿಳಿಸಿದ್ರೆ ಸಾಕಿತ್ತು. ಅಮ್ಮನ್ನ ಕೈಗಾಡೀಲಿ ಕೂರಿಸ್ಕೊಂಡು, ಕಳ್ಳದಾರೀಲಿ ಎರಡು ಗಂಟೇಲಿ ದಾಟಿಸ್ಬಿಡ್ತಿದ್ದೆ. ಆ ದಾರಿ ನಂಗೆ ಅಂಗೈ ಗೆರೆ ಹಂಗೆ ಗೊತ್ತು. ಒಂದು ಸಾಲು ಬರೀಲಿಲ್ಲ ಸೂಳೆಮಗ. ಎಡಗೈಲಿ ಬರೆಯೋನು, ಅದೇನು ಕೈ ಬಿದ್ದೋಗಿತ್ತಾ? ಇನ್ನು ಸಾಯೋವರೆಗೂ ಅವನ ಮುಖ ನೋಡಲ್ಲ."

ಸೆಲ್ಮಾ ಟಾರ್ಪಾಲಿನ ತೂತಿನಿಂದ ಬರುವ ಬೆಳಕನ್ನು ನೋಡುತ್ತಿದ್ದಳು. ಎಡಕ್ಕೆ ವಾಲಿದ ಐದು ಸಾಲು ಅವಳಿಗೆ ಬಾಯಿಪಾಠವಾಗಿತ್ತು. ಸುಮ್ಮನಿದ್ದರೆ ಯಾರಿಗೂ ಎಂದೂ ತಿಳಿಯುವುದಿಲ್ಲ. ಕಾಗದ ಕಣ್ಣಿನವರ ಒಲೆಯಲ್ಲಿ ಸುಟ್ಟುಹೋಗಿದೆ, ಕಣ್ಣಿನವರು ಸತ್ತಿದ್ದಾರೋ ಬದುಕಿದ್ದಾರೋ. ಆದರೆ ಪ್ರಾಣಕ್ಕೆ ಅಂಜದೆ ಬರೆದು ಹಾಕಿದ ಆ ಮನುಷ್ಯನನ್ನು ಗಂಡ ಇನ್ನೊಮ್ಮೆ ಸೂಳೆಮಗ ಎಂದಾಗ ಅವಳಿಗೆ ತಡೆಯಲಾಗಲಿಲ್ಲ.

"ಬರ್ದಿದ್ದ" ಎಂದಳು.

"ಏನು?"

"ನಿನ್ನೆ ಬೆಳಿಗ್ಗೆ ಬಂತು. ನಿನ್ನ ಹೆಸರಿಗೆ. ನಾನು ಓದ್ದೆ. ಓದಿ ಕಣ್ಣಿನೋರಿಗೆ ಕೊಟ್ಟೆ. ಅವ್ರದ್ದು ಅಂದ್ಕೊಂಡೆ." ಆಮೇಲೆ ಇದ್ದದ್ದನ್ನು ಇದ್ದ ಹಾಗೇ ಹೇಳಿಬಿಟ್ಟಳು. "ಅವ್ರದ್ದಾಗ್ಲಿ ಅಂದ್ಕೊಂಡೆ."

ಲಾರಿ ಹಳಿ ದಾಟುವಾಗ ಪಾತ್ರೆಗಳು ಒಂದಕ್ಕೊಂದು ಬಡಿದವು. ಕುರ್ಚಿಯಲ್ಲಿದ್ದ ಮುದುಕಿ ಕಣ್ಣು ಮುಚ್ಚಿಕೊಂಡಳು. ಓಸ್ಕರ್ ಹೆಂಡತಿಯನ್ನು ನೋಡಿದ. ಬೈಯುತ್ತಾನೆ ಎಂದು ಅವಳು ಕಾದಳು, ಬೈದರೆ ಸಾಕು ಎಂದೂ ಕಾದಳು. ಅವನು ಬಗ್ಗಿ ಎರಡೂ ಕೈ ಚಾಚಿ, ಮಗಳಿಗೆ ಎಚ್ಚರವಾಗದ ಹಾಗೆ ಹೆಂಡತಿಯ ಮಡಿಲಿನಿಂದ ಎತ್ತಿ ತನ್ನ ಮಡಿಲಿಗೆ ಹಾಕಿಕೊಂಡ.